ದಾರದಲ್ಲಿ ತೂಗುವ ಕಂಚು

ಗಜೇಂದ್ರಗಡದ ಕಾಲಕಾಲೇಶ್ವರಕ್ಕೆ ಹೋದರೆ ಮಂಗಳಾರತಿ ಹೊತ್ತಿಗೆ ನಾನು ಮೆಟ್ಟಿಲಲ್ಲೇ ಕೂತುಬಿಡುತ್ತೇನೆ. ಜಾಗಟೆಯನ್ನು ಹತ್ತಿರದಿಂದ ಕೇಳಬಾರದು. ದೂರಕ್ಕೆ ಬರುವಷ್ಟರಲ್ಲಿ ಕರ್ಕಶವೆಲ್ಲ ಸೋಸಿಹೋಗಿ ತಳದ ಗುಂಗು ಉಳಿದಿರುತ್ತದೆ.

ಅಂಚು ಮಡಚಿದ ಕಂಚಿನ ತಟ್ಟೆ, ಅಂಚಿನ ತೂತಿಗೆ ದಾರ. ಜಾಗಟೆ ಅಂದರೆ ಇಷ್ಟೇ. ಕೊಡತಿ ಬಿದ್ದೊಡನೆ ತಟ್ಟೆಯ ಒಂದು ಭಾಗ ಉಬ್ಬಿದರೆ ಪಕ್ಕದ್ದು ತಗ್ಗುತ್ತದೆ, ಸೆಕೆಂಡಿಗೆ ನೂರಾರು ಸಲ. ನಡುವಿನ ಕೆಲವು ಗೆರೆ ಮಾತ್ರ ಅಲುಗುವುದಿಲ್ಲ. ಜರ್ಮನಿಯ ಕ್ಲಾಡ್ನಿ ಲೋಹದ ತಟ್ಟೆಯ ಮೇಲೆ ಉಸುಕು ಚೆಲ್ಲಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ಆ ಗೆರೆಗಳನ್ನು ಕಣ್ಣಿಗೆ ಕಾಣಿಸಿದ. 1787ರಲ್ಲಿ ಪುಸ್ತಕವನ್ನೂ ತಂದ. ನಾನೂ ಒಮ್ಮೆ ಜಾಗಟೆಗೆ ಉಸುಕು ಹಾಕಿ ಬಾರಿಸಿದ್ದೆ. ಉಸುಕು ಧೋತರದ ಮೇಲೆಲ್ಲ ಬಿತ್ತೇ ಹೊರತು ಚಿತ್ರ ಮೂಡಲಿಲ್ಲ. ಕಮಾನು ಒಂದೇ ಕಂಪನವನ್ನು ಹಿಡಿದು ಬೆಳೆಸುತ್ತದೆ. ಕೊಡತಿಯ ಏಟು ಹತ್ತಾರನ್ನು ಒಟ್ಟಿಗೆ ಎಬ್ಬಿಸುತ್ತದೆ. ಅವುಗಳ ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ. ಹಂಗಾಗಿ ಜಾಗಟೆಗೆ ಶ್ರುತಿಯಿಲ್ಲ, ಗುಂಗಿದೆ.

ಬಿಗಿದ ಬರೀ ಚರ್ಮದ್ದೂ ಇದೇ ಪಾಡು: ಮೂಲ ಕಂಪನ 1 ಅಂದರೆ ಮುಂದಿನದು 1.59, ಆಮೇಲೆ 2.14. ತಬಲಾದ ಕರಿ ಶಾಯಿ ತನ್ನ ಭಾರದಿಂದ ಈ ಲೆಕ್ಕವನ್ನು 1, 2, 3ರ ಹತ್ತಿರ ತರುತ್ತದೆ. ಸಿ.ವಿ. ರಾಮನ್ ಇದನ್ನು 1920ರಲ್ಲೇ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮತ್ತೆ ವಿವರವಾಗಿ ಬರೆದರು.

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗರಿದ್ದಾಗ ಭಜನೆ, ಬ್ಯಾಂಡಿನ ಬೆನ್ನುಹತ್ತಿ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದರಂತೆ. ಬೇಸತ್ತ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಮೆರವಣಿಗೆಗಳಲ್ಲಿ ಜಾಗಟೆಯೂ ಇದ್ದಿರಬೇಕು ಅನ್ನುವುದು ನನ್ನ ಊಹೆ.

ಈಗ ಗುಡಿಗಳಿಗೆ ಮೋಟಾರಿನ ನಗಾರಿ ಬಂದಿದೆ. ನರಗುಂದದ ಹಾದಿಯಲ್ಲಿ ಕಂಡ ಒಂದರಲ್ಲಿ ಜಾಗಟೆಯ ಅಂಚಿಗೆ ಎರಡು ಬೋಲ್ಟು ಬಿಗಿದಿದ್ದರು. ಕಂಪನವೆಲ್ಲ ಕಬ್ಬಿಣದ ಚೌಕಟ್ಟಿಗೆ ಸೋರಿ, ಕಿವಿಗೆ ಬಂದದ್ದು ಡಬ್ಬಿ ಬಡಿದ ಸದ್ದು. ಕೈಯಾದರೆ ಒಮ್ಮೆ ನಡುವೆ, ಒಮ್ಮೆ ಅಂಚಿಗೆ ಹೊಡೆದೀತು. ಯಂತ್ರದ್ದು ಒಂದೇ ಜಾಗ, ಒಂದೇ ಏಟು.

“ಪೂಜಾರ್ರ, ಆ ಬೋಲ್ಟ್ ಒಂಚೂರು ಸಡ್ಲ ಮಾಡ್ರಿ,” ಅಂದೆ.

“ಸಡ್ಲಾದ್ರ ಕಳಚಿ ಬೀಳತೈತ್ರಿ ಸರ. ಹೋದ ಶ್ರಾವಣದಾಗ ಬಿದ್ದಿತ್ತು.”

ಹಳೆಯ ಜಾಗಟೆ ಒಳಗೆ ಗೂಟಕ್ಕೆ ತೂಗುತ್ತಿತ್ತು. ಕರೆಂಟು ಹೋದಾಗ ತೆಗೆಯುತ್ತೇವೆ ಅಂದರು. ಕತ್ತಲಾಗುವವರೆಗೂ ಕಾದೆ. ಕರೆಂಟು ಹೋಗಲಿಲ್ಲ.