ಗೋಲಿ ಬಿದ್ದ ಕುಳಿಯಲ್ಲ

ವಿಜ್ಞಾನ ಮೇಳಗಳಲ್ಲಿ ಮೈದಾಹಿಟ್ಟಿನ ತಟ್ಟೆಗೆ ಗೋಲಿ ಬೀಳಿಸಿ ‘ಚಂದ್ರನ ಕುಳಿ ಆದದ್ದು ಹೀಗೆ’ ಎಂದು ತೋರಿಸುವುದನ್ನು ಇನ್ನಾದರೂ ನಿಲ್ಲಿಸಬೇಕು. ಗೋಲಿಯನ್ನು ಓರೆಯಾಗಿ ಎಸೆದರೆ ಹಿಟ್ಟಿನಲ್ಲಿ ಉದ್ದನೆಯ ಗೀರು ಬೀಳುತ್ತದೆ. ಬಾಹ್ಯಾಕಾಶದ ಬಂಡೆಗಳೂ ನೆಟ್ಟಗೆ ಬೀಳುವುದು ಅಪರೂಪ. 45 ಡಿಗ್ರಿಯ ಆಸುಪಾಸಿನಲ್ಲಿ ಬರುವವೇ ಹೆಚ್ಚು. ಆದರೂ ಕುಳಿಗಳು ದುಂಡಗಿವೆಯಲ್ಲ ಎಂದು ಮಗುವೊಂದು ಕೇಳಿದರೆ ಆ ತಟ್ಟೆಯಲ್ಲಿ ಉತ್ತರವಿಲ್ಲ.

ಇದೇ ತರ್ಕ ದೊಡ್ಡವರನ್ನೂ ದಾರಿ ತಪ್ಪಿಸಿದೆ. ಅಮೆರಿಕದ ಭೂವಿಜ್ಞಾನಿ ಗಿಲ್ಬರ್ಟ್ ಅವರ 1893ರ ‘ಚಂದ್ರನ ಮುಖ’ ನನ್ನ ಅಚ್ಚುಮೆಚ್ಚಿನ ಪ್ರಬಂಧ. ಬಹುತೇಕರು ಚಂದ್ರನ ಕುಳಿಗಳನ್ನು ಜ್ವಾಲಾಮುಖಿ ಎನ್ನುತ್ತಿದ್ದ ಕಾಲದಲ್ಲಿ ಅವರು ಇವು ಬಡಿತದ ಗುರುತುಗಳೆಂದು ವಾದಿಸಿದರು. ದುಂಡನೆಯ ಆಕಾರ ಮಾತ್ರ ಅವರನ್ನು ಕಾಡಿತು. ಕೊನೆಗೆ, ಭೂಮಿಯ ಸುತ್ತ ಶನಿಯದರಂಥ ಬಳೆಯಿತ್ತು, ಅದರ ತುಣುಕುಗಳು ಚಂದ್ರನ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಬಿದ್ದವು ಎಂದು ಊಹಿಸಬೇಕಾಯಿತು. ಗಣಿ ಉದ್ಯಮಿ ಬ್ಯಾರಿಂಜರ್ ಅಂತೂ ಅರಿಜೋನಾದ ಕುಳಿಯಡಿ ಉಲ್ಕೆಯ ಕಬ್ಬಿಣ ಇಡಿಯಾಗಿ ಹೂತಿದೆಯೆಂದು 1903ರಿಂದ ಕಾಲು ಶತಮಾನ ಅಗೆಸಿ, ಕೊರೆಸಿ, ಹಣ ಕಳೆದುಕೊಂಡರು.

ಇಬ್ಬರ ಲೆಕ್ಕಕ್ಕೂ ಸಿಗದೆ ಹೋದದ್ದು ವೇಗದ ಪರಿಣಾಮ. ಬಂಡೆ ಚಂದ್ರನಿಗೆ ಬಡಿಯುವುದು ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗದಲ್ಲಿ. ಆಗ ಅದರ ಒಂದೊಂದು ಕಿಲೋದಲ್ಲೂ ಅಷ್ಟೇ ತೂಕದ ಟಿಎನ್‌ಟಿಯ 40 ಪಟ್ಟಿಗೂ ಮಿಕ್ಕ ಶಕ್ತಿಯಿರುತ್ತದೆ. ನೆಲದೊಳಗೆ ಒಂದಿಷ್ಟು ಇಳಿಯುವಷ್ಟರಲ್ಲೇ ಬಂಡೆ ಕರಗಿ, ಬಹುಪಾಲು ಆವಿಯಾಗುತ್ತದೆ. ಅಲ್ಲಿಂದ ಆಘಾತದ ಅಲೆ ಸುತ್ತಲೂ ಸಮನಾಗಿ ಹಬ್ಬಿ, ಬಂಡೆಯ ಹತ್ತಿಪ್ಪತ್ತು ಪಟ್ಟು ಅಗಲದ ಕುಳಿ ತೋಡುತ್ತದೆ. ಸ್ಫೋಟ ತೋಡಿದ ಕುಳಿಗೆ ಬಂಡೆ ಬಂದ ದಿಕ್ಕಿನ ಹಂಗಿಲ್ಲ. ನ್ಯೂಜಿಲೆಂಡಿನ ಮೇಷ್ಟ್ರು ಗಿಫರ್ಡ್ 1924ರಲ್ಲೇ ಇದನ್ನು ವಿವರಿಸಿದ್ದರು. ಜ್ವಾಲಾಮುಖಿ ಪಕ್ಷದವರು ಅದಕ್ಕೆ ಕಿವಿಗೊಡದೆ ದಶಕಗಳನ್ನು ಕಳೆದದ್ದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಬಂಡೆ ತೀರಾ ಓರೆಯಾಗಿ ಬಂದರೆ ಮಾತ್ರ ಇದಕ್ಕೆ ಅಪವಾದ. ಶುಕ್ಲ ಷಷ್ಠಿಯ ಸಂಜೆ ದೂರದರ್ಶಕವನ್ನು ಚಂದ್ರನ ಫೆಕುಂಡಿಟಾಟಿಸ್ ಬಯಲಿನತ್ತ ತಿರುಗಿಸಿ, ಮೆಸಿಯರ್ ಕುಳಿಯನ್ನು ಹುಡುಕಿ. ಪೂರ್ವ–ಪಶ್ಚಿಮವಾಗಿ ಸುಮಾರು 11 ಕಿ.ಮೀ. ಉದ್ದ, ಅಡ್ಡಕ್ಕೆ 9. ಸುಮಾರು 15 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ನೆಲ ಸವರಿಕೊಂಡು ಬಂದ ಬಂಡೆ ಮಾತ್ರ ಹೀಗೆ ಉದ್ದನೆಯ ಕುಳಿ ತೋಡಬಲ್ಲದು. ಅದರ ಪಕ್ಕದ ಮೆಸಿಯರ್ ‘ಎ’ಯಿಂದ ಎರಡು ಬಿಳಿ ಪಟ್ಟೆಗಳು ಪಶ್ಚಿಮಕ್ಕೆ ನೂರು ಕಿ.ಮೀ.ಗೂ ಉದ್ದ ಚಾಚಿವೆ. ಮೆಸಿಯರ್ ಚೆಲ್ಲಿದ ದೂಳು ಮಾತ್ರ ಬಂಡೆಯ ದಾರಿಗೆ ಅಡ್ಡಲಾಗಿ, ಉತ್ತರಕ್ಕೂ ದಕ್ಷಿಣಕ್ಕೂ ಹರಡಿದೆ.

ಹುಣ್ಣಿಮೆ ಸಮೀಪಿಸಿದಾಗ ಕ್ರಿಸಿಯಂ ಬಯಲಿನ ಪಶ್ಚಿಮದಂಚಿನ ಪ್ರೊಕ್ಲಸ್ ನೋಡಿ. ಕುಳಿ ಹೆಚ್ಚುಕಡಿಮೆ ದುಂಡಗೇ ಇದೆ, ಆದರೆ ನೈರುತ್ಯಕ್ಕೆ ಮಾತ್ರ ಬಿಳಿ ಕಿರಣಗಳಿಲ್ಲ. ಆ ಬಂಡೆ ಓರೆಯಾಗಿ ಬಂದದ್ದು ಆ ಕಡೆಯಿಂದಲೇ.