ಕಿರುತೆರೆಯ ರೋಚಕ ಕಾದಂಬರಿ ಮತ್ತು ಕರ್ತೃತ್ವದ ಪ್ರಶ್ನೆ

ಜನಪ್ರಿಯ ಕಿರುತೆರೆ ಧಾರಾವಾಹಿಯನ್ನು ಆಧರಿಸಿ ರೋಚಕ ಕಾದಂಬರಿ ಬರೆಯುವ ಪರಿಪಾಠ ಇಂಗ್ಲಿಷಿಗೆ ಹೊಸದಲ್ಲ. 'ದಿ ಮ್ಯಾನ್ ಫ್ರಂ ಅಂಕಲ್' ಎಂಬ ಗೂಢಚಾರ ಧಾರಾವಾಹಿಯ ಬೆನ್ನಿಗೆ 1965ರಿಂದ ಕಾದಂಬರಿಗಳ ಸಾಲೇ ಹೊರಬಂದಿತು. 1990ರಲ್ಲಿ 'ಟ್ವಿನ್ ಪೀಕ್ಸ್' ಧಾರಾವಾಹಿಯ ಎರಡು ಋತುಗಳ ನಡುವಣ ಬಿಡುವಿನಲ್ಲಿ ಕೊಲೆಯಾದ ಹುಡುಗಿಯ ದಿನಚರಿಯೆಂಬ ಸೋಗಿನಲ್ಲಿ ಜೆನಿಫರ್ ಲಿಂಚ್ ಬರೆದ ಪುಸ್ತಕ ಪ್ರಕಟವಾಯಿತು. ಕೊಲೆಗಾರನಾರೆಂದು ತಿಳಿಯಲು ಓದುಗರು ಅದನ್ನು ಕೊಂಡರು. ಆದರೆ ಬೇಕಾದ ಪುಟಗಳೇ ಅದರಲ್ಲಿ ಹರಿದುಹೋಗಿದ್ದವು. ರಹಸ್ಯವನ್ನು ಬಿಡಿಸುವ ಅಧಿಕಾರ ಆ ಪುಸ್ತಕಕ್ಕಿರಲಿಲ್ಲ. ಅದಕ್ಕಿದ್ದದ್ದು ಮುಂದೂಡುವ ಅಧಿಕಾರ ಮಾತ್ರ.

ಇಂಥ ಬರಹವನ್ನು ಎರವಲಿನ ಕಥೆಯೆಂದು ತಳ್ಳಿಹಾಕುವುದು ಸುಲಭ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗೆ ಆ ಸೌಲಭ್ಯವಿಲ್ಲ. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಬಹುಪಾಲು ಎರವಲಿನ ಕಥೆಯವೇ. ಪಂಪನ ಓದುಗನಿಗೆ ಭಾರತದ ಅಂತ್ಯ ಮೊದಲೇ ಗೊತ್ತಿತ್ತು. ರೋಚಕತೆಯೂ ಆಧುನಿಕರ ಸ್ವತ್ತಲ್ಲ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯನ್ನು ನೋಡಬಹುದು. ಒಟ್ಟಿಗೆ ಕಲಿತ ಇಬ್ಬರು ಗೆಳೆಯರಲ್ಲಿ ಒಬ್ಬ ಕಳ್ಳ, ಇನ್ನೊಬ್ಬ ತಳಾರ. ಹಗಲು ಕುಷ್ಠರೋಗಿಯ ವೇಷದಲ್ಲಿರುವ ಕಳ್ಳನು ಅರಸನ ಹಾರವನ್ನು ಕದಿಯುತ್ತಾನೆ. ಹಿಡಿಯಲು ತಳಾರನಿಗೆ ಏಳು ದಿನಗಳ ಗಡುವು. ಕಳ್ಳನಾರೆಂಬುದು ಕೇಳುಗನಿಗೆ ಗೊತ್ತು. ಅವನು ಒಪ್ಪುವನೇ ಎಂಬುದಷ್ಟೇ ಗೊತ್ತಿಲ್ಲ. ಕುತೂಹಲವು 'ಯಾರು' ಎಂಬುದರಿಂದ 'ಹೇಗೆ' ಎಂಬುದಕ್ಕೆ ಸರಿಯುವ ಈ ಕ್ರಮವನ್ನು ಪತ್ತೇದಾರಿ ಕಥನದ ಆಧುನಿಕ ಸಾಧನೆಯೆಂದು ಕೆಲವರು ಬಗೆದಿರುವುದು ಅಚ್ಚರಿಯ ಸಂಗತಿ.

ಹಾಗಾದರೆ ವ್ಯತ್ಯಾಸವೆಲ್ಲಿ? ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದ. ಕಥೆಯ ಕೊನೆಯಲ್ಲಿ ಪಟ್ಟವನ್ನೂ ಅವನಿಗೇ ಕಟ್ಟಿಸಿದ. ತನ್ನ ಅರಸನಿಗಾಗಿ ಹೀಗೆ ಮಾಡಿದನೆಂಬುದು ನಿಜ. ಆದರೂ ವ್ಯಾಸರ ಕಡೆಯವರಾರೂ ಅವನನ್ನು ತಡೆಯಲಿಲ್ಲ. ಧಾರಾವಾಹಿಯನ್ನು ಆಧರಿಸಿ ಬರೆಯುವವನು ನಾಯಕನನ್ನು ಕೊಲ್ಲುವಂತಿಲ್ಲ, ಮದುವೆ ಮಾಡಿಸುವಂತಿಲ್ಲ. ಮುಂದಿನ ಕಂತಿಗೆ ಅವನು ಬಂದಂತೆಯೇ ಹಿಂದಿರುಗಬೇಕು. ಆದ್ದರಿಂದ ಈ ಪ್ರಕಾರದ ದೌರ್ಬಲ್ಯಕ್ಕೆ ಕಾರಣ ಕಥೆ ಎರವಲಿನದಾಗಿರುವುದಲ್ಲ, ಕಥೆಯ ಒಡೆತನ ಬೇರೆಯವರಲ್ಲಿರುವುದು.

ಕನ್ನಡ–ತೆಲುಗು ಪ್ರದೇಶದಲ್ಲಿ ಸಂಚಾರದ ದಿಕ್ಕು ಬಹುಮಟ್ಟಿಗೆ ತಿರುವುಮುರುವು. ಹಿಂದಿಯಲ್ಲಿ ದೇವಕೀನಂದನ ಖತ್ರಿಯವರ 1888ರ 'ಚಂದ್ರಕಾಂತಾ' ಕಿರುತೆರೆಗೆ ಬಂದದ್ದು 1994ರಲ್ಲಿ. ಕನ್ನಡದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ರಂಗಭೂಮಿಯಿಂದ ದೂರದರ್ಶನಕ್ಕೆ ಬಂದಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಾಗಲಿ ತೆಲುಗಿನ ಕೊಮ್ಮೂರಿ ಸಾಂಬಶಿವರಾಯರ ಡಿಟೆಕ್ಟಿವ್ ಯುಗಂಧರನಾಗಲಿ ಕಿರುತೆರೆಯ ಹಂಗಿಲ್ಲದೆ, ಬಾಡಿಗೆ ಪುಸ್ತಕದ ಅಂಗಡಿಗಳ ಬಲದಿಂದಲೇ ಮನೆಮಾತಾದವರು.

ಇದರಲ್ಲಿ ಹೈದರಾಬಾದಿನ ಪಾತ್ರವನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲ. ಯಂಡಮೂರಿ ವೀರೇಂದ್ರನಾಥರ 'ತುಳಸಿದಳಂ' 'ಆಂಧ್ರಭೂಮಿ' ವಾರಪತ್ರಿಕೆಯಲ್ಲಿ ಕಂತುಗಳಾಗಿ ಬಂದು ತೆಲುಗು ಓದುಗರನ್ನು ಹಿಡಿದು ನಿಲ್ಲಿಸಿತು. ಕನ್ನಡಕ್ಕೂ ಬಂದಿತು, 1985ರಲ್ಲಿ ಕನ್ನಡ ಚಲನಚಿತ್ರವಾಯಿತು. ಮಾಟಮಂತ್ರಗಳಿಗೆ ಇಂಬು ಕೊಡುವ ಕೃತಿಯೆಂದು ತೆಲುಗಿನಲ್ಲಿ ರಂಗನಾಯಕಮ್ಮನವರು ಅದನ್ನು ಕಟುವಾಗಿ ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿದೆ. ಆದರೆ ಅದು ಕಥಾವಸ್ತುವನ್ನು ಕುರಿತದ್ದು. ಕಂತಿನ ರಚನೆ ಓದುಗನ ಮೇಲೆ ಮಾಡುವ ಕೆಲಸ ಅದರ ವ್ಯಾಪ್ತಿಯಲ್ಲಿಲ್ಲ. ಪ್ರತಿ ವಾರ ಒಂದು ಬಾಗಿಲನ್ನು ಅರ್ಧ ತೆರೆದು ನಿಲ್ಲಿಸುವ ಯಂಡಮೂರಿಯವರ ತಂತ್ರವನ್ನೇ ಮುಂದೆ ಕಿರುತೆರೆ ತನ್ನದಾಗಿಸಿಕೊಂಡಿತು. ವಾರಪತ್ರಿಕೆಯೇ ಆಗಲೇ ಕಿರುತೆರೆಯ ಕೆಲಸ ಮಾಡುತ್ತಿದ್ದ ನಾಡಿನಲ್ಲಿ ಕಿರುತೆರೆಯಿಂದ ಕಾದಂಬರಿ ಹುಟ್ಟುವುದು ವಿರಳವಾದುದು ಸಹಜ.

ಅವರದೇ ಕಾದಂಬರಿಯನ್ನು ಆಧರಿಸಿ ಸುನಿಲ್ ಕುಮಾರ್ ದೇಸಾಯಿಯವರು 1995ರಲ್ಲಿ ನಿರ್ದೇಶಿಸಿದ 'ಬೆಳದಿಂಗಳ ಬಾಲೆ' ಮಾಧ್ಯಮಾಂತರದ ಗುಣಾತ್ಮಕ ನಿದರ್ಶನ. ಇಲ್ಲಿ ಕೊಲೆಯಿಲ್ಲ. ಚದುರಂಗದ ಆಟಗಾರನೊಬ್ಬ, ದೂರವಾಣಿಯಲ್ಲಿ ಅಪರಿಚಿತ ಹೆಣ್ಣಿನ ಧ್ವನಿ, ಅವಳಾರೆಂದು ಕಂಡುಹಿಡಿಯಬೇಕಾದ ಪಣ. ಪುಟದ ಮೇಲೆ ಪಾತ್ರವು ಕಾಣದಿರುವುದು ವಿಶೇಷವಲ್ಲ. ತೆರೆಯ ಮೇಲೆ ಅದನ್ನು ಬಹುಮಟ್ಟಿಗೆ ಧ್ವನಿಯಾಗಿಯೇ ಉಳಿಸುವುದು ಧೈರ್ಯದ ಕೆಲಸ. ನಿರ್ದೇಶಕರು ಕಥೆಯನ್ನು ಅನುಸರಿಸಿದರೆನ್ನುವುದಕ್ಕಿಂತ ಕಥೆಯ ಕಷ್ಟವನ್ನು ತಮ್ಮದಾಗಿಸಿಕೊಂಡರೆನ್ನುವುದು ಸರಿ.

2000ದಲ್ಲಿ ಆರಂಭವಾದ ಈಟಿವಿ ಕನ್ನಡ ವಾಹಿನಿಯ ಬೇರು ಇದೇ ನಗರದ ರಾಮೋಜಿ ಫಿಲ್ಮ್ ಸಿಟಿಯಲ್ಲಿತ್ತು. 2015ರಲ್ಲಿ ಅದರ ಹೆಸರೂ ಬದಲಾಯಿತು. ನೂರಾರು ಕಂತುಗಳ ಧಾರಾವಾಹಿಗೆ ಬರೆದ ಸಂಭಾಷಣೆಯ ಹಾಳೆಗಳು ಚಿತ್ರೀಕರಣ ಮುಗಿದ ಮೇಲೆ ಗ್ರಂಥಾಲಯ ಸೇರುವ ಪದ್ಧತಿ ನಮ್ಮಲ್ಲಿಲ್ಲ. ಓಲೆಗರಿಯ ಒಂದಕ್ಷರದ ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ದುಡಿಯುವ ನಾವು ಮೂವತ್ತು ವರ್ಷಗಳ ಹಿಂದಿನ ವಾರಪತ್ರಿಕೆಯ ಸಂಚಿಕೆಯನ್ನು ರದ್ದಿಗೆ ಹಾಕುತ್ತೇವೆ. ಹೊರನಾಡಿನ ಕನ್ನಡ ವಿಭಾಗಗಳಿಗೆ ಇಲ್ಲಿ ನಾಡಿನೊಳಗಿನವರಿಗಿಲ್ಲದ ಅನುಕೂಲವಿದೆ: ಮೂಲದ ಭಾಷೆಯೂ ಅನುವಾದದ ಭಾಷೆಯೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ತೆಲುಗು ಬಲ್ಲ ಸಂಶೋಧಕರು 'ತುಳಸಿದಳಂ' ಕೃತಿಯ ಪತ್ರಿಕಾಪಾಠ, ಪುಸ್ತಕಪಾಠ, ಕನ್ನಡ ಅನುವಾದ ಮತ್ತು ಚಿತ್ರಗಳನ್ನು ಹಸ್ತಪ್ರತಿಗಳಂತೆಯೇ ಎದುರುಬದುರಾಗಿಟ್ಟು, ಕಂತಿನ ಕೊನೆಗಳು ಎಲ್ಲೆಲ್ಲಿ ಉಳಿದವು, ಎಲ್ಲೆಲ್ಲಿ ಅಳಿಸಿಹೋದವು ಎಂಬುದನ್ನು ಮೊದಲು ಗುರುತಿಸಬಹುದು.