ಹತ್ತು ಸೆಕೆಂಡಿನ ಗೆರೆ

ಇಸಿಜಿ ಕಾಗದದ ಒಂದು ಸಣ್ಣ ಚೌಕವೆಂದರೆ ಒಂದು ಮಿಲಿಮೀಟರ್, ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ. ಹನ್ನೆರಡು ಲೀಡ್, ಹತ್ತು ಸೆಕೆಂಡು. ಇಷ್ಟರಲ್ಲೇ ವೈದ್ಯರು ಲಯ ತಪ್ಪಿದ್ದನ್ನೂ ಹೃದಯಾಘಾತವನ್ನೂ ಗುರುತಿಸುತ್ತಾರೆ. ಆದರೆ ಹೃದಯದ ಪಂಪ್ ಮಾಡುವ ಬಲ ಕುಗ್ಗಿದೆಯೇ ಎಂದು ಗೆರೆ ನೋಡಿ ಹೇಳುವುದು ನುರಿತ ಕಣ್ಣಿಗೂ ಕಷ್ಟ. ಅದಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಬೇಕು. ಅಮೆರಿಕದ ಮೇಯೊ ಕ್ಲಿನಿಕ್ ತಂಡ ಕೈಹಾಕಿದ್ದು ಇಲ್ಲಿಗೇ. 44,959 ರೋಗಿಗಳ ಇಸಿಜಿಯನ್ನು ಅವರದೇ ಎಕೋ ಜೊತೆಗಿಟ್ಟು ಕಂಪ್ಯೂಟರಿಗೆ ಕಲಿಸಿತು; ಅದು ಕಂಡಿರದ 52,870 ರೋಗಿಗಳ ಮೇಲೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಬಲ ಕುಗ್ಗಿದವರಲ್ಲಿ ನೂರಕ್ಕೆ ಸುಮಾರು 86 ಮಂದಿ ಸಿಕ್ಕಿದ್ದರು. ಅದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ: ಎಕೋ ಸರಿಯಿದ್ದೂ ಯಂತ್ರ ಎಚ್ಚರಿಸಿದವರಲ್ಲಿ ಮುಂದೆ ಇದೇ ತೊಂದರೆ ಬರುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಎಕೋಗೂ ಮುಂಚೆ ಗೆರೆ ಮಾತಾಡಿತ್ತು ಎನ್ನಲು ಇದು ಸಾಕಷ್ಟು ಬಲವಾದ ಸುಳಿವು.

ಗೆರೆಯಲ್ಲಿ ಏನು ಕಂಡಿತೆಂದು ಬಿಡಿಸಿ ಹೇಳದ ಯಂತ್ರವನ್ನು ನಂಬುವುದು ಹೇಗೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ಇಲ್ಲಿ ಕೊನೆಯ ಮಾತು ಯಂತ್ರದ್ದಲ್ಲ. ಅದು ಎಕೋ ಮಾಡಿಸಿ ಎನ್ನುತ್ತದೆ, ಅಷ್ಟೇ. ಹಾಗಾದರೆ ಬೇಡದ ಎಕೋಗಳ ಸಾಲು ಬೆಳೆಯದೇ? 2021ರಲ್ಲಿ ಪ್ರಕಟವಾದ, 22,641 ರೋಗಿಗಳ ಪ್ರಯೋಗದಲ್ಲಿ ಹಾಗಾಗಲಿಲ್ಲ: ಒಟ್ಟು ಎಕೋಗಳು ಹೆಚ್ಚುಕಡಿಮೆ ಅಷ್ಟೇ ಇದ್ದವು, 90 ದಿನಗಳಲ್ಲಿ ಪತ್ತೆಯಾದವರು ಮಾತ್ರ ಯಂತ್ರದ ನೆರವಿಲ್ಲದ ಗುಂಪಿನಲ್ಲಿ ಶೇ. 1.6, ನೆರವಿದ್ದ ಗುಂಪಿನಲ್ಲಿ ಶೇ. 2.1. ಅಂಕಿ ಸಣ್ಣದು, ಔಷಧಿಯಿಂದ ಹಿಡಿತಕ್ಕೆ ಬರುವ ಕಾಯಿಲೆಯಲ್ಲಿ ಅದರ ಬೆಲೆ ದೊಡ್ಡದು. ಇಸಿಜಿ ಸುಲಭವಾಗಿ ಸಿಕ್ಕು ಎಕೋಗೆ ಜಿಲ್ಲಾ ಕೇಂದ್ರಕ್ಕೆ ಓಡಬೇಕಾದ ನಮ್ಮ ತಾಲ್ಲೂಕುಗಳಿಗೆ ಇದು ಇನ್ನೂ ಹೆಚ್ಚು ಬೇಕು. ಆದರೆ ಅದಕ್ಕೆ ಮೊದಲು ನಮ್ಮವರ ಇಸಿಜಿಗಳ ಮೇಲೆ ಇದನ್ನು ಒರೆಗೆ ಹಚ್ಚಲೇಬೇಕು.